ಎರಡು ಸೈಕಲ್, ಒಂದೇ ಸೀಟಿನ ಅಳತೆ: ಹೊಂದಿಸುವುದು ಹೇಗೆ?

ಪ್ರಶ್ನೆ: ನನ್ನ ಹಳೆಯ ಸೈಕಲ್‌ನಲ್ಲಿ ಎಷ್ಟು ದೂರ ಹೋದರೂ ತೊಂದರೆಯಿಲ್ಲ. ಹೊಸದರಲ್ಲಿ ಸ್ವಲ್ಪ ಹೊತ್ತಿಗೇ ಮಂಡಿ ನೋಯುತ್ತದೆ. ನೆಲದಿಂದ ಸೀಟಿನ ಎತ್ತರ ಎರಡರಲ್ಲೂ ಒಂದೇ ಇದೆ. ಮತ್ತೇನು ತಪ್ಪಾಗಿದೆ?

ಉತ್ತರ: ನೆಲದಿಂದ ಅಳೆದಿದ್ದೇ ತಪ್ಪು. ಟೈರಿನ ದಪ್ಪ, ಫ್ರೇಮಿನ ಆಕಾರ ಬೇರೆಯಾದರೆ ಪೆಡಲ್‌ಗಳು ನೆಲದಿಂದ ಇರುವ ಎತ್ತರವೂ ಬೇರೆಯಾಗುತ್ತದೆ. ಕ್ರ್ಯಾಂಕ್ (ಪೆಡಲ್ ಹಿಡಿದಿರುವ ತೋಳು) ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ, ಸೀಟಿನ ಕಂಬದ ಗುಂಟ ಟೇಪು ಹಿಡಿಯಿರಿ. ಕ್ರ್ಯಾಂಕ್‌ನ ಒಳಬದಿಯಲ್ಲಿ ಅದರ ಉದ್ದವನ್ನು ಮಿ.ಮೀ.ನಲ್ಲಿ 170, 175 ಅಂತ ಸಾಮಾನ್ಯವಾಗಿ ಕೊರೆದಿರುತ್ತದೆ, ಅದನ್ನೂ ನೋಡಿ. ಹಳೆಯದು 175, ಹೊಸದು 170 ಆದರೆ ಹೊಸದರ ಸೀಟು 5 ಮಿ.ಮೀ. ಜಾಸ್ತಿ ಎತ್ತರಕ್ಕೆ ಬರಬೇಕು.

ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಸೀಟು ಎಷ್ಟು ಹಿಂದಿದೆ ಅನ್ನೋದೂ ಅಷ್ಟೇ ಮುಖ್ಯ. ಸೀಟಿನ ಕಂಬ ಒಂದು ಡಿಗ್ರಿ ಹೆಚ್ಚು ವಾಲಿದ್ದರೂ ಸೀಟು ಒಂದು ಸೆಂ.ಮೀ.ಗಿಂತ ಜಾಸ್ತಿ ಹಿಂದೆ ಹೋಗಿರುತ್ತದೆ. ಸಮತಟ್ಟಾದ ನೆಲದ ಮೇಲೆ ಸೈಕಲ್ ನೆಟ್ಟಗೆ ನಿಲ್ಲಿಸಿ. ದಾರಕ್ಕೊಂದು ನಟ್ಟು ಕಟ್ಟಿ ಸೀಟಿನ ಮೂತಿಯಿಂದ ಇಳಿಬಿಡಿ. ದಾರ ಅಚ್ಚಿನಿಂದ ಎಷ್ಟು ಹಿಂದಿದೆಯೋ ಅದನ್ನು ಬರೆದುಕೊಳ್ಳಿ.

ಎರಡೂ ಒಂದೇ ಮಾದರಿಯ ಸೀಟಾದರೆ ಇಷ್ಟು ಸಾಕು. ಆದರೆ ಈಗ ಮೊಂಡು ಮೂತಿಯ ಸೀಟುಗಳು ಜಾಸ್ತಿ ಅಲ್ವಾ? ಅವು ಹಳೆಯ ಮಾದರಿಗಿಂತ ಸುಮಾರು 3 ಸೆಂ.ಮೀ. ಗಿಡ್ಡ. ಮೂತಿಗೆ ಮೂತಿ ಹೊಂದಿಸಿದರೆ ನೀವು ಅಷ್ಟು ಮುಂದೆ ಕೂರುತ್ತೀರಿ. ಅದಕ್ಕೇ ಎರಡೂ ಸೀಟಿನಲ್ಲಿ ಅಗಲ 8 ಸೆಂ.ಮೀ. ಆಗುವ ಜಾಗ ಹುಡುಕಿ, ಟೇಪು ಅಂಟಿಸಿ. ಎತ್ತರವನ್ನೂ ಹಿಂದು-ಮುಂದನ್ನೂ ಆ ಗುರುತಿನಿಂದಲೇ ಅಳೆಯಿರಿ. ನಾವು ಕೂರುವುದು ಅಗಲದ ಕಡೆ, ಮೂತಿಯ ಮೇಲಲ್ಲ.

ಸೀಟು ಮುಂದೆ ತಳ್ಳಿದರೆ ಪೆಡಲ್‌ಗೆ ಹತ್ತಿರವಾಗುತ್ತದೆ. ಹಾಗಾಗಿ ಎತ್ತರವನ್ನು ಮತ್ತೊಮ್ಮೆ ನೋಡಲೇಬೇಕು. ಎರಡೂ ಸೀಟಿನ ಓರೆಯನ್ನು ರಸಮಟ್ಟ ಇಟ್ಟು ಹೋಲಿಸಿ.

ಹ್ಯಾಂಡಲ್ ದೂರವಾಯ್ತು ಅಂತ ಸುಮ್ನೆ ಸೀಟು ಮುಂದೆ ಎಳೆಯಬೇಡಿ. ಅದಕ್ಕೆ ಗಿಡ್ಡ ಸ್ಟೆಮ್ (ಹ್ಯಾಂಡಲ್ಲನ್ನು ಸೈಕಲ್‌ಗೆ ಜೋಡಿಸುವ ತುಂಡು) ಹಾಕಿಸಿ. ಮೆತ್ತನೆಯ ಸೀಟು ಕೂತಾಗ ಕುಸಿಯುತ್ತದೆ, ಆ ಮೂರ್ನಾಲ್ಕು ಮಿ.ಮೀ. ಟೇಪಿಗೆ ಸಿಗುವುದಿಲ್ಲ. ಅಳತೆ ಸರಿಹೋದ ಮೇಲೂ ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ಇನ್ನೂ ತಗ್ಗಿರಬಹುದು. ಹಿಂಭಾಗ ಸೆಳೆಯುತ್ತಿದ್ದರೆ ಎತ್ತರ ಹೆಚ್ಚಾಗಿರಬಹುದು. ಒಂದು ಸಲಕ್ಕೆ 2-3 ಮಿ.ಮೀ. ಮಾತ್ರ ಬದಲಿಸಿ.