ರಜೆ ಮಕ್ಕಳದು, ದಿಗಿಲು ದೊಡ್ಡವರದು

ಪ್ರಶ್ನೆ: ಬೇಸಿಗೆ ರಜೆ ಶುರುವಾಗಿದೆ. ಏಳು ಮತ್ತು ಹನ್ನೊಂದು ವರ್ಷದ ನನ್ನ ಇಬ್ಬರು ಮಕ್ಕಳು ಬೆಳಗಿನಿಂದ ರಾತ್ರಿಯವರೆಗೆ ಮನೆಯಲ್ಲೇ ಇರುತ್ತಾರೆ. ನಾನು ಮನೆಯಿಂದಲೇ ಕಚೇರಿ ಕೆಲಸ ಮಾಡುತ್ತೇನೆ. ಅರ್ಧ ಗಂಟೆಗೊಮ್ಮೆ ‘ಬೋರ್ ಆಗುತ್ತಿದೆ’ ಎಂಬ ರಾಗ, ಇಲ್ಲವೇ ಜಗಳದ ದೂರು. ಮೊಬೈಲ್ ಕೊಟ್ಟಾಗ ಮಾತ್ರ ಮನೆ ತಣ್ಣಗಿರುತ್ತದೆ. ಇವರಿಗೆ ದಿನವಿಡೀ ಏನಾದರೊಂದು ಚಟುವಟಿಕೆ ಕೊಡುತ್ತಲೇ ಇರುವುದು ಹೇಗೆ?

ಉತ್ತರ: ಕೊಡುತ್ತಲೇ ಇರಬೇಡಿ. ಪ್ರತಿ ಬೇಸಿಗೆಯಲ್ಲೂ ಈ ಪ್ರಶ್ನೆ ಬರುತ್ತದೆ, ಕೇಳುವವರೆಲ್ಲ ಚಟುವಟಿಕೆಗಳ ಪಟ್ಟಿಯನ್ನೇ ನಿರೀಕ್ಷಿಸುತ್ತಾರೆ. ಎಷ್ಟು ಉದ್ದದ ಪಟ್ಟಿಯಾದರೂ ನಾಲ್ಕು ದಿನದಲ್ಲಿ ಮುಗಿದುಹೋಗುತ್ತದೆ. ಐದನೆಯ ದಿನ ಮಕ್ಕಳು ಮತ್ತೆ ನಿಮ್ಮ ಕುರ್ಚಿಯ ಪಕ್ಕದಲ್ಲಿ ನಿಂತಿರುತ್ತಾರೆ.

ಶಾಲೆಯಲ್ಲಿ ಮುಂದೇನು ಮಾಡಬೇಕೆಂದು ಮಗು ಯೋಚಿಸಬೇಕಾಗಿಲ್ಲ. ಗಂಟೆ ಬಾರಿಸುತ್ತದೆ, ಪಾಠ ಬದಲಾಗುತ್ತದೆ, ಆಟದ ಬಯಲು ಇರುತ್ತದೆ, ಜೊತೆಗೆ ಓರಗೆಯವರ ಹಿಂಡು. ರಜೆಯ ಮೊದಲ ದಿನವೇ ಇವೆಲ್ಲ ಒಟ್ಟಿಗೆ ಕಾಣೆಯಾಗುತ್ತವೆ. ಆಗ ಕೈಗೆ ಸಿಗುವ ದೊಡ್ಡವರೇ ಗಂಟೆಯೂ ಆಗಬೇಕು, ಶಿಕ್ಷಕರೂ ಆಗಬೇಕು, ಆಟದ ಜೊತೆಗಾರರೂ ಆಗಬೇಕು. ಮೊದಲ ವಾರ ಉತ್ಸಾಹದಿಂದ ಇದೆಲ್ಲ ಆಗುತ್ತೀರಿ. ಎರಡನೆಯ ವಾರ ಸುಸ್ತಾಗಿ ಮೊಬೈಲ್ ಕೈಗಿಡುತ್ತೀರಿ. ಇದರಿಂದ ಪಾರಾಗಲು ಬೇಕಾದದ್ದು ದಿನಕ್ಕೊಂದು ಚೌಕಟ್ಟು ಮತ್ತು ನಿಮ್ಮ ಪೂರ್ತಿ ಗಮನದ ಒಂದಿಷ್ಟು ಹೊತ್ತು. ಉಳಿದ ಸಮಯ ಮಕ್ಕಳದೇ. ಅದನ್ನು ಅವರು ಹಾಳು ಮಾಡಿಕೊಂಡರೂ ಪರವಾಗಿಲ್ಲ.

ಮೊದಲು ಆ ‘ಬೋರ್’ ವಿಷಯಕ್ಕೆ ಬರೋಣ. ಸಾಮಾನ್ಯವಾಗಿ ನಡೆಯುವುದು ಹೀಗೆ. ಮಗು ಬಾಗಿಲಿಗೆ ಒರಗಿ ನಿಲ್ಲುತ್ತದೆ. ‘ಚಿತ್ರ ಬರಿ’ ಎನ್ನುತ್ತೀರಿ. ‘ಬರೆದಾಯಿತು.’ ‘ಪುಸ್ತಕ ಓದು.’ ‘ಎಲ್ಲಾ ಓದಿದ್ದೇನೆ.’ ‘ತಮ್ಮನ ಜೊತೆ ಆಡು.’ ‘ಅವನು ಮೋಸ ಮಾಡುತ್ತಾನೆ.’ ಆರನೆಯ ಸಲಹೆಯ ಹೊತ್ತಿಗೆ ನಿಮ್ಮ ದನಿ ಏರಿರುತ್ತದೆ, ಮಗುವಿನ ಮುಖ ಊದಿರುತ್ತದೆ. ಸಲಹೆಗಳಲ್ಲಿ ಏನೂ ಕೊರತೆಯಿರಲಿಲ್ಲ. ಮಗು ಕೇಳಿದ್ದೇ ಸಲಹೆಯನ್ನಲ್ಲ. ಬಹಳಷ್ಟು ಸಲ ಅದಕ್ಕೆ ಬೇಕಿರುವುದು ನೀವು. ಇದನ್ನು ಪರೀಕ್ಷಿಸಿ ನೋಡಬಹುದು. ‘ಬಾ, ಇಲ್ಲಿ ಕುಳಿತು ಈ ಬಟ್ಟೆಗಳನ್ನು ಮಡಿಸಿಕೊಡು’ ಎಂದು ಹೇಳಿ. ಬೇಸರವೆಂದು ಗೊಣಗುತ್ತಿದ್ದ ಮಗು ಬಟ್ಟೆ ಮಡಿಸುತ್ತಾ ಹರಟೆಗೆ ಕುಳಿತರೆ, ಅದಕ್ಕೆ ಜೊತೆ ಬೇಕಿತ್ತು ಎಂದರ್ಥ. ಕೆಲಸ ಎಂದೊಡನೆ ಓಡಿಹೋದರೆ ಇನ್ನೂ ಒಳ್ಳೆಯದು, ತನ್ನ ದಾರಿ ತಾನು ಹುಡುಕಿಕೊಂಡಿತು.

ನಿಜವಾಗಿಯೂ ಏನೂ ತೋಚದೆ ಬಂದ ಬೇಸರವಾದರೆ ‘ಹೌದಾ? ಸರಿ’ ಎಂದಷ್ಟೇ ಹೇಳಿ ಸುಮ್ಮನಿರಿ. ಇದಕ್ಕೆ ಗಟ್ಟಿ ಮನಸ್ಸು ಬೇಕು. ಮೊದಲ ಕೆಲವು ದಿನ ಗೊಣಗಾಟ, ನೆಲದ ಮೇಲೆ ಹೊರಳಾಟ ಎಲ್ಲ ನಡೆಯುತ್ತದೆ. 2014ರಲ್ಲಿ ಬ್ರಿಟನ್ನಿನ ಸ್ಯಾಂಡಿ ಮಾನ್ ಮತ್ತು ರೆಬೆಕಾ ಕ್ಯಾಡ್‌ಮನ್ ಎಂಬ ಸಂಶೋಧಕರು ಒಂದು ಗುಂಪಿಗೆ ದೂರವಾಣಿ ಸಂಖ್ಯೆಗಳನ್ನು ಸುಮ್ಮನೆ ನಕಲು ಮಾಡುವ ನೀರಸ ಕೆಲಸ ಕೊಟ್ಟರು. ಆಮೇಲೆ ಪ್ಲಾಸ್ಟಿಕ್ ಲೋಟಗಳನ್ನು ಯಾವ ಯಾವ ರೀತಿ ಬಳಸಬಹುದು ಎಂದು ಕೇಳಿದಾಗ, ಬೇಸರಪಟ್ಟು ಬಂದವರೇ ಹೆಚ್ಚು ಉಪಾಯಗಳನ್ನು ಹೇಳಿದರು. ಅದು ದೊಡ್ಡವರ ಮೇಲೆ ನಡೆದ ಪ್ರಯೋಗ. ಹಾಗಾಗಿ ಅದನ್ನು ಮಕ್ಕಳಿಗೆ ಹಾಗೆಯೇ ಅನ್ವಯಿಸಲು ನಾನು ಹೋಗುವುದಿಲ್ಲ. ಆದರೆ ಯಾರೂ ತಲೆಹಾಕದ ಮಧ್ಯಾಹ್ನಗಳಲ್ಲಿ ಮಕ್ಕಳು ಏನೇನು ಹುಟ್ಟಿಸುತ್ತಾರೆ ಎಂಬುದಕ್ಕೆ ಪ್ರಯೋಗಾಲಯದ ಸಾಕ್ಷಿ ಬೇಕಿಲ್ಲ.

ಒಂದು ಷರತ್ತಿದೆ: ಕೈಗೆ ಏನಾದರೂ ಸಿಗುವಂತಿರಬೇಕು. 1971ರಲ್ಲಿ ಸೈಮನ್ ನಿಕೋಲ್ಸನ್ ಎಂಬ ಕಲಾವಿದ ‘ಬಿಡಿ ವಸ್ತುಗಳ’ ಸಿದ್ಧಾಂತವೊಂದನ್ನು ಮುಂದಿಟ್ಟರು. ಎತ್ತಿಡಬಹುದಾದ, ಜೋಡಿಸಬಹುದಾದ, ಬೇರೆಯದಾಗಿ ಮಾರ್ಪಡಿಸಬಹುದಾದ ವಸ್ತುಗಳು ಹೆಚ್ಚಿದ್ದಷ್ಟೂ ಕಲ್ಪನೆಗೆ ಹೆಚ್ಚು ಜಾಗ ಎನ್ನುವುದು ಅದರ ತಿರುಳು. ಗುಂಡಿ ಒತ್ತಿದರೆ ಹಾಡುವ ಆಟಿಕೆ ಹಾಡುತ್ತದೆ, ಅಷ್ಟೇ. ರಟ್ಟಿನ ಪೆಟ್ಟಿಗೆ, ಹಳೆಯ ಹೊದಿಕೆ, ಹಗ್ಗ, ಬಟ್ಟೆ ಒಣಹಾಕುವ ಕ್ಲಿಪ್ಪು, ಅಂಟುಪಟ್ಟಿ ಒಂದು ಮೂಲೆಯಲ್ಲಿದ್ದರೆ ನೋಡಿ: ಎರಡು ಕುರ್ಚಿಗಳ ನಡುವೆ ಹೊದಿಕೆ ಏರುತ್ತದೆ. ಮೂಲೆ ಜಾರದಂತೆ ಅದರ ಮೇಲೊಂದು ದಪ್ಪ ಪುಸ್ತಕ ಬರುತ್ತದೆ. ಪುಸ್ತಕವೇ ಜಾರಿ ತಲೆಯ ಮೇಲೆ ಬೀಳುತ್ತದೆ. ಸ್ವಲ್ಪ ಅಳು. ಆಮೇಲೆ ಅಕ್ಕ ಕುರ್ಚಿಯ ಬೆನ್ನಿಗೆ ಹಗ್ಗ ಬಿಗಿಯುತ್ತಾಳೆ, ತಮ್ಮ ಕ್ಲಿಪ್ಪು ಹಾಕುತ್ತಾನೆ. ಒಂದು ಗಂಟೆ ಕಳೆದಿರುತ್ತದೆ, ನಿಮ್ಮನ್ನು ಯಾರೂ ಕರೆದಿರುವುದಿಲ್ಲ. ಇದಕ್ಕೆ ಬೆಲೆಯಾಗಿ ಆ ಕೋಣೆ ಎರಡು ದಿನ ಹಾಗೆಯೇ ಇರಲಿ. ಸಂಜೆಗೆಲ್ಲ ಅಚ್ಚುಕಟ್ಟಾಗಬೇಕು ಎಂದು ಪಟ್ಟು ಹಿಡಿದರೆ ನಾಳೆ ಡೇರೆ ಕಟ್ಟುವ ಗೋಜಿಗೇ ಅವರು ಹೋಗುವುದಿಲ್ಲ.

ಇನ್ನು ಚೌಕಟ್ಟು. ಶಾಲೆಯ ವೇಳಾಪಟ್ಟಿಯನ್ನು ಮನೆಗೆ ತಂದು ಗೋಡೆಗೆ ಅಂಟಿಸುವುದು ಬೇಡ. ನಾಲ್ಕೈದು ಗೂಟಗಳು ಸಾಕು: ಏಳುವ ಹೊತ್ತು, ಊಟದ ಹೊತ್ತು, ಹೊರಗೆ ಆಡುವ ಹೊತ್ತು, ಊಟದ ನಂತರದ ಮೌನದ ಹೊತ್ತು, ಮಲಗುವ ಹೊತ್ತು. ಇವುಗಳಲ್ಲಿ ಏಳುವ ಹೊತ್ತೇ ಮುಖ್ಯ. ರಜೆಯಲ್ಲಿ ಅರ್ಧ ಗಂಟೆ, ಒಂದು ಗಂಟೆ ತಡವಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಆದರೆ ಒಂದು ದಿನ ಏಳಕ್ಕೆ, ಇನ್ನೊಂದು ದಿನ ಹತ್ತಕ್ಕೆ ಎದ್ದರೆ ರಾತ್ರಿಯ ನಿದ್ದೆಯೂ ಹಿಡಿತ ತಪ್ಪುತ್ತದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದೆ. ಸಂಜೆಯ ಅರ್ಧ ರಂಪಕ್ಕೆ ಕಾರಣ ನಿದ್ದೆಗೇಡು ಎಂಬುದು ನನ್ನ ಬಲವಾದ ಅನುಮಾನ.

ಹೊರಗಿನ ಆಟ ಬೆಳಗ್ಗೆ ಬೇಗ ಅಥವಾ ಬಿಸಿಲು ಇಳಿದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವಂತೆ ಓಡಾಡಬೇಕು. ಎರಡು ಹೊತ್ತಿಗೆ ಹಂಚಿದರೆ ಇದು ಕಷ್ಟವಲ್ಲ. ಮೌನದ ಹೊತ್ತು ಎಂದರೆ ಮಲಗಲೇಬೇಕು ಎಂದಲ್ಲ. ಒಂದು ಗಂಟೆ ಇಬ್ಬರೂ ಬೇರೆ ಬೇರೆ ಜಾಗದಲ್ಲಿ, ಪರದೆಯಿಲ್ಲದೆ, ತಮಗೆ ಬೇಕಾದ್ದನ್ನು ಮಾಡಿಕೊಂಡಿರುವುದು. ನಿಮ್ಮ ಮುಖ್ಯ ಕರೆಗಳನ್ನು ಈ ಹೊತ್ತಿಗೆ ಇಟ್ಟುಕೊಳ್ಳಿ.

ಮನೆಯಿಂದ ಕೆಲಸ ಮಾಡುವವರ ಮಕ್ಕಳಿಗೆ ಒಂದು ಗೊಂದಲ ಇದ್ದೇ ಇರುತ್ತದೆ. ಅಮ್ಮನೋ ಅಪ್ಪನೋ ಕಣ್ಣೆದುರಿಗೇ ಇದ್ದಾರೆ, ಆದರೆ ಸಿಗುವುದಿಲ್ಲ. ಲ್ಯಾಪ್‌ಟಾಪ್ ಮುಂದೆ ಕುಳಿತಾಗ ನೀವು ಸಭೆಯಲ್ಲಿದ್ದೀರೋ ಸುದ್ದಿ ಓದುತ್ತಿದ್ದೀರೋ ಮಗುವಿಗೆ ತಿಳಿಯುವ ಬಗೆ ಹೇಗೆ? ಆದ್ದರಿಂದ ಕಾಣುವ ಗುರುತು ಬೇಕು. ರಟ್ಟಿನ ಮೇಲೆ ಗಡಿಯಾರ ಬರೆದು, ನೀವು ಸಿಗುವ ಹೊತ್ತಿಗೆ ಮುಳ್ಳು ತಿರುಗಿಸಿ ಬಾಗಿಲಿಗೆ ತೂಗುಹಾಕಿ. ಆ ಹೊತ್ತಿಗೆ ಏಳುತ್ತೇನೆ ಎಂದ ಮೇಲೆ ಏಳಲೇಬೇಕು. ನಡುವೆ ಯಾವುದಕ್ಕೆ ಕರೆಯಬಹುದು ಎಂಬುದನ್ನೂ ಮೊದಲೇ ಹೇಳಿಡಿ: ಗಾಯ, ಬೆಂಕಿ, ಬಾಗಿಲಲ್ಲಿ ಅಪರಿಚಿತರು. ‘ಅವನು ನನ್ನನ್ನೇ ನೋಡುತ್ತಿದ್ದಾನೆ’ ಎಂಬ ದೂರು ಆ ಪಟ್ಟಿಯಲ್ಲಿಲ್ಲ.

ಇದಕ್ಕೆ ಬದಲಾಗಿ ಮಕ್ಕಳಿಗೆ ಸಿಗಬೇಕಾದದ್ದು ಪೂರ್ತಿ ಗಮನ. ದಿನವಿಡೀ ‘ಹೂಂ, ಹೂಂ’ ಎನ್ನುತ್ತಾ ಪರದೆ ನೋಡುವುದಕ್ಕಿಂತ, ಒಬ್ಬೊಬ್ಬರೊಂದಿಗೂ ಪ್ರತ್ಯೇಕವಾಗಿ ಹತ್ತು ಹದಿನೈದು ನಿಮಿಷ ಕುಳಿತರೆ ಫಲ ಹೆಚ್ಚು. ಆಗ ಫೋನು ಬೇರೆ ಕೋಣೆಯಲ್ಲಿರಲಿ. ಏನು ಆಡಬೇಕೆಂಬುದು ಮಗುವಿನ ತೀರ್ಮಾನ. ನಿಮ್ಮದು ಪಾಠವಿಲ್ಲ, ತಿದ್ದುವುದಿಲ್ಲ. ಹದಿನೈದು ನಿಮಿಷದಿಂದ ಏನಾಗುತ್ತದೆ ಎನ್ನಬೇಡಿ. ಚಿಕ್ಕ ಮಕ್ಕಳ ವರ್ತನೆಯ ತೊಂದರೆಗಳಿಗಾಗಿ 1970ರ ದಶಕದಲ್ಲಿ ಶೀಲಾ ಐಬರ್ಗ್ ಎಂಬ ಮನೋವಿಜ್ಞಾನಿ ರೂಪಿಸಿದ ಚಿಕಿತ್ಸೆಯಲ್ಲಿ, ಹೆತ್ತವರು ಮನೆಯಲ್ಲಿ ಮಾಡಬೇಕಾದ ಇಂಥ ಆಟದ ಅವಧಿ ದಿನಕ್ಕೆ ಐದೇ ನಿಮಿಷ.

ಮೊಬೈಲ್ ವಿಷಯದಲ್ಲಿ ಗಂಟೆಗಳ ಲೆಕ್ಕಕ್ಕಿಂತ ಕೊಡುವ ಕ್ರಮವೇ ಹೆಚ್ಚು ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸ್ಪಷ್ಟ ಮಿತಿ ಹಾಕಿದ್ದು ಐದು ವರ್ಷದೊಳಗಿನವರಿಗೆ: ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ನಿಮ್ಮ ಮಕ್ಕಳ ವಯಸ್ಸಿನಲ್ಲಿ ನೋಡಬೇಕಾದದ್ದು ಅದು ಏನನ್ನು ಕಸಿಯುತ್ತಿದೆ ಎಂಬುದನ್ನು. ನಿದ್ದೆಯನ್ನೇ, ಓಡಾಟವನ್ನೇ, ಊಟದ ಹೊತ್ತಿನ ಮಾತನ್ನೇ? ಇವು ಮೂರೂ ಸರಿಯಿದ್ದರೆ ಅರ್ಧ ಗಂಟೆ ಹೆಚ್ಚು ಕಡಿಮೆಯಾದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮಲಗುವ ಒಂದು ಗಂಟೆ ಮೊದಲು ಮಾತ್ರ ಪರದೆ ಕಡ್ಡಾಯವಾಗಿ ಬಂದ್.

ಹಠಕ್ಕೆ ಮಣಿದು ಕೊಡುವುದು ಮಾತ್ರ ಕೂಡದು. ಒಂಬತ್ತು ಸಲ ಇಲ್ಲವೆಂದು ಹತ್ತನೆಯ ಸಲ, ಕರೆಯ ನಡುವೆ ಸಾಕಾಗಿ, ‘ತೆಗೆದುಕೊಂಡು ಹೋಗು’ ಎಂದರೆ ಮಗು ಕಲಿಯುವುದು ಹತ್ತು ಸಲ ಕೇಳಬೇಕು ಎಂಬುದನ್ನು. ಯಾವಾಗಲೋ ಒಮ್ಮೆ ಸಿಗುವ ಫಲ, ಪ್ರತಿ ಸಲ ಸಿಗುವ ಫಲಕ್ಕಿಂತ ಆ ನಡವಳಿಕೆಯನ್ನು ಗಟ್ಟಿಮಾಡುತ್ತದೆ ಎಂದು ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳ, ಇಲಿಗಳಲ್ಲಿ ತೋರಿಸಿದ್ದರು. ಜೂಜುಕೋರ ಏಳದೇ ಕುಳಿತಿರುವುದೂ ಇದೇ ಕಾರಣಕ್ಕೆ. ಆದ್ದರಿಂದ ಹೊತ್ತು ಗೊತ್ತುಮಾಡಿ, ಕೇಳದಿದ್ದರೂ ಆ ಹೊತ್ತಿಗೆ ಕೊಡಿ, ಉಳಿದ ಹೊತ್ತು ಜಪ್ಪಯ್ಯ ಅಂದರೂ ಬೇಡ. ನಿಲ್ಲಿಸುವಾಗಲೂ ಗಡಿಯಾರಕ್ಕಿಂತ ಆಟದ ಕೊನೆಯನ್ನು ನೋಡಿ: ‘ಈ ಸುತ್ತು ಮುಗಿದ ಮೇಲೆ’, ‘ಈ ಕಂತು ಮುಗಿದ ಮೇಲೆ’. ನಡುವೆ ಕಿತ್ತುಕೊಂಡರೆ ದೊಡ್ಡವರಿಗೂ ಸಿಟ್ಟು ಬರುತ್ತದೆ. ಮುಂದಿನ ವೀಡಿಯೊ ತಾನಾಗಿಯೇ ಶುರುವಾಗುವ ಸೌಲಭ್ಯವನ್ನು ಸೆಟ್ಟಿಂಗ್‌ಗೆ ಹೋಗಿ ಇವತ್ತೇ ನಿಲ್ಲಿಸಿ, ಇಲ್ಲದಿದ್ದರೆ ಕಂತಿಗೆ ಕೊನೆಯೆಂಬುದೇ ಇರುವುದಿಲ್ಲ.

‘ಇಷ್ಟು ಪುಟ ಓದಿದರೆ ಇಷ್ಟು ಹೊತ್ತು ಮೊಬೈಲ್’ ಎಂಬ ವ್ಯಾಪಾರ ಜಾಣತನದಂತೆ ಕಾಣುತ್ತದೆ, ನನಗೆ ಒಪ್ಪಿಗೆಯಿಲ್ಲ. 1973ರಲ್ಲಿ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಒಂದೆರಡು ವಾರದ ನಂತರ ನೋಡಿದರೆ ಆ ಮಕ್ಕಳೇ ಬಿಡುವಿನಲ್ಲಿ ಚಿತ್ರ ಬರೆಯುವುದನ್ನು ಕಡಿಮೆ ಮಾಡಿದ್ದರು. ಮೊದಲೇ ಇಷ್ಟವಿದ್ದ ಕೆಲಸಕ್ಕೆ ಕೂಲಿ ಗೊತ್ತುಮಾಡಿದರೆ ಅದು ಕೂಲಿಯ ಕೆಲಸವೇ ಆಗಿಬಿಡುತ್ತದೆ. ಓದುವ ಹುಚ್ಚಿರುವ ಮಗುವಿಗೆ ಓದಲು ಬಿಡಿ, ಓದದ ಮಗುವಿಗೆ ನೀವೇ ಓದಿ ಹೇಳಿ. ಹನ್ನೊಂದು ವರ್ಷದವರಿಗೂ ಯಾರಾದರೂ ಓದಿ ಹೇಳಿದರೆ ಇಷ್ಟವೇ.

ಜಗಳದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಾರು ಮೊದಲು ಶುರುಮಾಡಿದರು ಎಂಬ ವಿಚಾರಣೆಗೆ ಇಳಿಯಬೇಡಿ, ಆ ಮೊಕದ್ದಮೆಗೆ ತೀರ್ಪಿಲ್ಲ. ಜಗಳವಾದ ವಸ್ತುವನ್ನು ಎತ್ತಿಟ್ಟು, ಇಬ್ಬರೂ ಒಪ್ಪುವ ಉಪಾಯ ತಂದರೆ ವಾಪಸ್ ಕೊಡಿ. ಹೊಡೆತ ಬಿದ್ದರೆ ಅಥವಾ ಪ್ರತಿ ಸಲವೂ ಒಬ್ಬರೇ ಸೋಲುತ್ತಿದ್ದರೆ ಮಾತ್ರ ನಡುವೆ ಹೋಗಲೇಬೇಕು.

ನಿಮ್ಮ ಮಕ್ಕಳು ಸ್ವಲ್ಪ ದೊಡ್ಡವರು. ಆದರೆ ಇದನ್ನು ಓದುವ ಕೆಲವರ ಮನೆಯಲ್ಲಿ ತೀರಾ ಚಿಕ್ಕವರಿರಬಹುದು. ಅಂಥವರನ್ನು ಹೀಗೆ ಅವರ ಪಾಡಿಗೆ ಬಿಡುವಂತಿಲ್ಲ. ಅವರಿಗೆ ಬಕೆಟ್ಟಿನ ತಳದಲ್ಲಿ ಉಳಿದ ಕೆಲವೇ ಅಂಗುಲ ನೀರೂ ಅಪಾಯ. ಮುಳುಗುವ ಮಗು ಹೆಚ್ಚಿನ ಸಲ ಕೂಗುವುದೂ ಇಲ್ಲ. ಪಕ್ಕದ ಕೋಣೆಯಿಂದ ಕಿವಿಗೊಟ್ಟರೆ ಸಾಲದು, ಕಣ್ಣೇ ಇರಬೇಕು. ದೊಡ್ಡ ಮಗುವನ್ನು ಕಾವಲಿಗೆ ಕೂರಿಸಿ ಕರೆ ತೆಗೆದುಕೊಳ್ಳುವುದೂ ಬೇಡ, ಅದು ಆ ವಯಸ್ಸಿಗೆ ಹೊರಿಸುವ ಹೊರೆಯಲ್ಲ.

ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತದೆ: ಕಲಿತದ್ದೆಲ್ಲ ಮರೆತುಹೋದರೆ? 1996ರಲ್ಲಿ ಹ್ಯಾರಿಸ್ ಕೂಪರ್ ಎಂಬ ಸಂಶೋಧಕ ಮತ್ತು ಸಹೋದ್ಯೋಗಿಗಳು ಅಲ್ಲಿಯವರೆಗಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬೇಸಿಗೆ ರಜೆಯಲ್ಲಿ ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿನ್ನಡೆ ಕಂಡುಬಂತು. ಓದುವುದಕ್ಕಿಂತ ಗಣಿತದಲ್ಲಿ, ಅದರಲ್ಲೂ ಲೆಕ್ಕ ಮಾಡುವ ಅಭ್ಯಾಸದಲ್ಲಿ, ನಷ್ಟ ಹೆಚ್ಚು. ಕಾರಣ ಸರಳ: ಓದುವ ಸಂದರ್ಭ ಮನೆಯಲ್ಲೂ ಬರುತ್ತದೆ, ಭಾಗಾಕಾರ ತಾನಾಗಿ ಎದುರಾಗುವುದಿಲ್ಲ. ಹಾಗೆಂದು ರಜೆಯ ಉದ್ದಕ್ಕೂ ಪಾಠದ ಪುಸ್ತಕ ಹಿಡಿಸಬೇಡಿ. ಅಂಗಡಿ ಲೆಕ್ಕ, ಅಡುಗೆಯ ಅಳತೆ, ಅಂಕ ಬರೆದುಕೊಳ್ಳಬೇಕಾದ ಆಟಗಳನ್ನು ಅವರಿಗೇ ಒಪ್ಪಿಸಿ. ಶಾಲೆ ತೆರೆಯಲು ಹತ್ತು ದಿನವಿರುವಾಗ ದಿನಕ್ಕೆ ಕಾಲು ಗಂಟೆ ಲೆಕ್ಕ ಶುರುಮಾಡಿ, ಏಳುವ ಹೊತ್ತನ್ನು ಎರಡು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿ. ಮೊದಲ ದಿನದ ಬೆಳಗ್ಗೆ ಒಮ್ಮೆಲೇ ಎಬ್ಬಿಸುವ ಪ್ರಸಂಗ ಬರುವುದಿಲ್ಲ.