ಸತ್ತ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಫ್ರೀಜರ್‌ನಲ್ಲಿ ಇಟ್ಟರೆ ಜೀವ ಬರುತ್ತದೆಯೇ?

ಪ್ರಶ್ನೆ: ಅಪ್ಪ ಬಳಸುತ್ತಿದ್ದ 2004ರ ಥಿಂಕ್‌ಪ್ಯಾಡ್ ಟಿ42 ನನ್ನ ಬಳಿ ಇದೆ. ಚಾರ್ಜರ್ ತೆಗೆದ ಕೂಡಲೇ ಆರಿಹೋಗುತ್ತದೆ. ಬ್ಯಾಟರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರ್‌ನಲ್ಲಿ ಇಡಿ ಎನ್ನುತ್ತಾರೆ. ಇಡಲೇ? ಇಲ್ಲವಾದರೆ ಹೊಸದು ಎಲ್ಲಿ ಸಿಗುತ್ತದೆ?

ಉತ್ತರ: ಇಡಬೇಡಿ. ಇದಕ್ಕೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಈ ಸಲ ಬುಡದಿಂದಲೇ ಹೇಳಿಬಿಡುತ್ತೇನೆ.

ನಿಕ್ಕಲ್ ಬ್ಯಾಟರಿಗಳ ಕಾಲದಲ್ಲಿ ತಂಪಿಗೆ ಒಂದು ಅರ್ಥವಿತ್ತು. ಬ್ಯಾಟರಿಯೊಳಗಿನ ಬಿಡಿ ಘಟಕಗಳಾದ ಆ ಸೆಲ್‌ಗಳು ಸುಮ್ಮನೆ ಇಟ್ಟರೂ ಚಾರ್ಜ್ ಕಳೆದುಕೊಳ್ಳುತ್ತಿದ್ದವು, ತಂಪಿನಲ್ಲಿ ಅದು ನಿಧಾನವಾಗುತ್ತಿತ್ತು. ಅಂದರೆ ಕೊಡದ ಸೋರಿಕೆ ಕಡಿಮೆಯಾಗುತ್ತಿತ್ತೇ ಹೊರತು ಬರಿದಾದ ಕೊಡ ತುಂಬುತ್ತಿರಲಿಲ್ಲ. ನಿಮ್ಮದಾದರೋ ಲಿಥಿಯಂ ಅಯಾನ್. ವರ್ಷಗಳು ಕಳೆದಂತೆ ಚಾರ್ಜ್ ಆಗುವಾಗ ಲಿಥಿಯಂ ಸೇರಿಕೊಳ್ಳುವ ಅದರ ಗ್ರಾಫೈಟಿನ ಮೇಲೆ ಒಂದು ಪದರ ಬೆಳೆದು ಲಿಥಿಯಂ ಅಲ್ಲೇ ಸಿಕ್ಕಿಬೀಳುತ್ತದೆ. ಪೂರ್ತಿ ಇಳಿದು ಹಾಗೆಯೇ ಬಿದ್ದಿದ್ದರೆ, ಒಳಗಿನ ತಾಮ್ರದ ಹಾಳೆಯೂ ಕರಗತೊಡಗುತ್ತದೆ. ಇವೆರಡನ್ನೂ ಚಳಿ ಹಿಂದಕ್ಕೆ ತಿರುಗಿಸಲಾರದು.

"ಆದರೆ ನನಗೆ ಕೆಲಸ ಮಾಡಿತು" ಎನ್ನುವವರು ಪ್ರತಿ ಸಲವೂ ಇರುತ್ತಾರೆ. ಒಂದು ರಾತ್ರಿ ಹೊರೆಯಿಲ್ಲದೆ ಇದ್ದ ಸೆಲ್‌ನ ವೋಲ್ಟೇಜ್ ತಾನಾಗಿಯೇ ಸ್ವಲ್ಪ ಏರುತ್ತದೆ. ಅಡುಗೆಮನೆಯ ಕಪಾಟಿನಲ್ಲಿ ಇಟ್ಟಿದ್ದರೂ ಏರುತ್ತಿತ್ತು. ಪರದೆಯಲ್ಲಿ ಕಾಣುವ ಶೇಕಡಾವಾರು ಅಂಕಿಯನ್ನು ನಂಬಬೇಡಿ, ಯಂತ್ರ ಎಷ್ಟು ನಿಮಿಷ ಓಡಿತು ಎಂದು ಗಡಿಯಾರ ನೋಡಿ. ಫ್ರೀಜರ್‌ನಿಂದ ತೆಗೆದ ತಣ್ಣನೆಯ ಬ್ಯಾಟರಿಯನ್ನು ಚಾರ್ಜಿಗೆ ಹಾಕುವುದಂತೂ ಅಪಾಯವೇ ಸರಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಗ್ರಾಫೈಟಿನ ಒಳಗೆ ಸೇರದೆ ಮೇಲೆಯೇ ಲೋಹವಾಗಿ ಕೂರುತ್ತದೆ. ಅದು ಮುಂದೆ ಒಳಗೇ ಶಾರ್ಟ್ ಆಗಿ ಬೆಂಕಿಗೆ ದಾರಿ ಮಾಡಬಹುದು.

ಹೊಸದರ ವಿಷಯ. "ಪೆಟ್ಟಿಗೆ ತೆರೆಯದ ಅಸಲಿ" ಎಂದು ಮಾರುವ ಇಪ್ಪತ್ತು ವರ್ಷದ ಬ್ಯಾಟರಿಗೆ ಹಣ ಕೊಡಬೇಡಿ, ಬಳಸದಿದ್ದರೂ ವಯಸ್ಸಾಗುತ್ತದೆ. ಬೇರೆ ಕಂಪನಿ ಈಚೆಗೆ ತಯಾರಿಸಿದ್ದು ಸಿಕ್ಕರೆ ತಯಾರಿಕೆಯ ದಿನಾಂಕ ನೋಡಿ ಕೊಳ್ಳಿ. ಸಿಗದಿದ್ದರೆ ಸೆಲ್ ಬದಲಿಸಬೇಕು. ನಿಮ್ಮ ಬ್ಯಾಟರಿಯ ಚೀಟಿಯಲ್ಲಿ 10.8 ವೋಲ್ಟ್ ಎಂದಿದ್ದರೆ, ಒಂದರ ಹಿಂದೊಂದು ಜೋಡಿಸಿದ 3.6 ವೋಲ್ಟಿನ ಮೂರು ಹಂತ ಎಂದರ್ಥ. ಸಾಮಾನ್ಯವಾಗಿ ಹಂತಕ್ಕೆ ಎರಡರಂತೆ ಆರು ಸೆಲ್. ಸೆಲ್‌ನ ಹೆಸರು 18650: 18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದ. ಮೈಮೇಲೆ "9900 ಎಂಎಎಚ್" (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ) ಎಂದು ಅಚ್ಚಾಗಿದ್ದ ಒಂದನ್ನು ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆ, 31 ಗ್ರಾಂ ತೂಗಿತು. ಒಳ್ಳೆಯ ಸೆಲ್ 45 ಗ್ರಾಂ ಆಸುಪಾಸು ಇರುತ್ತದೆ, ಸಾಮಾನ್ಯವಾಗಿ 3500 ಎಂಎಎಚ್ ಸುತ್ತಮುತ್ತಲೇ ಅದರ ಮಿತಿ. ಜೋಡಣೆಗೆ ಸ್ಪಾಟ್ ವೆಲ್ಡಿಂಗ್ (ಕ್ಷಣಮಾತ್ರ ವಿದ್ಯುತ್ ಹರಿಸಿ ಲೋಹದ ಪಟ್ಟಿ ಅಂಟಿಸುವುದು) ಬೇಕು, ಸೋಲ್ಡರಿಂಗ್ ಐರನ್ ಬೇಡ. ಸೆಲ್ ಬಿಚ್ಚುವಾಗ ಬ್ಯಾಟರಿಯ ಒಳಗಿನ ಬೋರ್ಡಿಗೆ ಹೊರಗಿನಿಂದ ವಿದ್ಯುತ್ ಕೊಡದಿದ್ದರೆ ಕೆಲವು ಚಿಪ್‌ಗಳು ತಮ್ಮನ್ನು ತಾವೇ ಬೀಗ ಹಾಕಿಕೊಳ್ಳುತ್ತವೆ. ಇದನ್ನು ಬಲ್ಲವರಿಗೇ ಕೆಲಸ ಕೊಡಿ.

ನೀವು ಕೇಳದಿದ್ದರೂ ಇನ್ನೊಂದನ್ನು ಹೇಳಲೇಬೇಕು. ಮನೆಯಲ್ಲಿ ಇದಕ್ಕೂ ಹಳೆಯ, 90ರ ದಶಕದ ಲ್ಯಾಪ್‌ಟಾಪ್ ಇದ್ದರೆ ಮೊದಲು ಅದನ್ನು ಬಿಚ್ಚಿ. ಗಡಿಯಾರ ನಡೆಸಲು ಯಂತ್ರದ ಮುಖ್ಯ ಬೋರ್ಡಿನ ಮೇಲೆ ಕೂರಿಸಿದ ಪುಟ್ಟ ನಿಕ್ಕಲ್ ಬ್ಯಾಟರಿ ಅನೇಕ ಯಂತ್ರಗಳಲ್ಲಿ ಇರುತ್ತದೆ. ಅದು ಸೋರಿದರೆ ಕ್ಷಾರ ಹರಿದು ತಾಮ್ರದ ಗೆರೆಗಳು ಹಸಿರುಗಟ್ಟಿ ತಿಂದುಹೋಗುತ್ತವೆ. ದೊಡ್ಡ ಬ್ಯಾಟರಿ ಸತ್ತರೆ ಯಂತ್ರವನ್ನು ಚಾರ್ಜರ್ ಮೇಲಾದರೂ ನಡೆಸಬಹುದು, ಬೋರ್ಡ್ ಹೋದರೆ ಯಂತ್ರವೇ ಹೋಯಿತು. ಪುಟ್ಟ ಬ್ಯಾಟರಿಯನ್ನು ಕತ್ತರಿಸಿ ತೆಗೆದು, ಕಲೆ ಇದ್ದ ಕಡೆ ಬಿಳಿ ವಿನೆಗರ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒಣಗಿಸಿ.