ಪದ ಪರಿಚಯ: ಫ್ಯಾಕ್ಸಿಮಿಲಿ

ಮೊನ್ನೆ ಯಾರೋ ಯೂಟ್ರೆಕ್ಟ್ ಸಾಲ್ಟರ್ ಎಂಬ, ಬೈಬಲ್ಲಿನ ಕೀರ್ತನೆಗಳ ಹಳೆಯ ಚಿತ್ರಸಹಿತ ಹಸ್ತಪ್ರತಿಯ ಪಿಡಿಎಫ್ ಕಳಿಸಿ, ‘ಫ್ಯಾಕ್ಸಿಮಿಲಿ ಸಿಕ್ಕಿಬಿಟ್ಟಿತು’ ಎಂದು ಸಂಭ್ರಮಪಟ್ಟರು. ಅದಕ್ಕೂ ಮುಂಚೆ ಇನ್ನೊಬ್ಬರು, ಹೊಸದಾಗಿ ಟೈಪ್ ಮಾಡಿಸಿದ ಮರುಮುದ್ರಣಕ್ಕೆ ಇದೇ ಹೆಸರಿಟ್ಟಿದ್ದರು. ಇನ್ನು ಸುಮ್ಮನಿರಲಾಗದು.

ಲ್ಯಾಟಿನ್ನಿನ ‘ಫಾಕ್ ಸಿಮಿಲೆ’ ಒಂದು ಅಪ್ಪಣೆ: ಇದರ ಹಾಗೇ ಮಾಡು. ಆಫೀಸಿನ ಫ್ಯಾಕ್ಸ್ ಇದರದೇ ತುಂಡು. ಕನ್ನಡದಲ್ಲಿ ‘ಪಡಿಯಚ್ಚು’ ಎಂಬ ಸೊಗಸಾದ ಮಾತಿದೆ. ‘ಪ್ರತಿ’ಯ ತದ್ಭವ ‘ಪಡಿ’, ಜೊತೆಗೊಂದು ಅಚ್ಚು. ಮಗ ಅಪ್ಪನ ಪಡಿಯಚ್ಚು ಎಂದರೆ ಸೊಟ್ಟ ಮೂಗೂ ಬಂದಿದೆ ಎಂದೇ ಲೆಕ್ಕ. ಪುಸ್ತಕದಲ್ಲೂ ಹಾಗೆಯೇ. ಮೂಲದ ಅಳತೆ, ಅಂಚಿನ ಏರುಪೇರು, ಚಿನ್ನದ ಹೊಳಪು ಎಲ್ಲ ಬರಬೇಕು. ಚರ್ಮದ ಹಾಳೆಯಲ್ಲಿ ತೂತಿದ್ದರೆ ಅದೇ ಜಾಗದಲ್ಲಿ ತೂತು, ಅದರೊಳಗಿಂದ ಮುಂದಿನ ಪುಟದ ಅಕ್ಷರ ಇಣುಕಬೇಕು. ಬೆರಳಲ್ಲಿ ಹಿಗ್ಗಿಸಿ ಕುಗ್ಗಿಸುವ ಚಿತ್ರಕ್ಕೆ ಅಳತೆಯೇ ಇಲ್ಲ. ಅದನ್ನು ಸ್ಕ್ಯಾನ್ ಎಂದರೆ ಯಾರ ಗಂಟೂ ಹೋಗುವುದಿಲ್ಲ.

ಇದಕ್ಕಿಂತ ಹಳೆಯ ಗೊಂದಲ ಇನ್ನೊಂದಿದೆ. ಯೂಟ್ರೆಕ್ಟ್ ಸಾಲ್ಟರ್ 9ನೇ ಶತಮಾನದಲ್ಲಿ ಫ್ರಾನ್ಸಿನ ರೀಮ್ಸ್ ಸುತ್ತಮುತ್ತ ಹುಟ್ಟಿದ್ದು. ಅದು ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿದ್ದಾಗ, ಕ್ರಿ.ಶ. 1000ದ ಆಸುಪಾಸಿನಲ್ಲಿ, ಅದನ್ನು ನೋಡಿಕೊಂಡು ಹಾರ್ಲಿ ಸಾಲ್ಟರ್ ಶುರು ಮಾಡಿದರು. ಅದನ್ನು ‘ಆ ಕಾಲದ ಫ್ಯಾಕ್ಸಿಮಿಲಿ’ ಎನ್ನುವವರಿದ್ದಾರೆ. ಎಲ್ಲಿಯ ಫ್ಯಾಕ್ಸಿಮಿಲಿ! ಮೂಲದ ಕಂದು ಗೆರೆಗಳು ಇಲ್ಲಿ ಬಣ್ಣಬಣ್ಣದ ಶಾಯಿಗೆ ತಿರುಗಿವೆ. ದೊಡ್ಡಕ್ಷರಗಳ ಬದಲು ಕ್ಯಾರೊಲಿಂಜಿಯನ್ ಎಂಬ ಶೈಲಿಯ ಸಣ್ಣಕ್ಷರ ಬಂದಿದೆ. ಕೀರ್ತನೆಗಳ ಲ್ಯಾಟಿನ್ ಪಾಠವೂ ಬಹುಪಾಲು ಬೇರೆಯದೇ. ಒಬ್ಬ ಕಲಾವಿದ ಇನ್ನೊಬ್ಬನನ್ನು ಓದಿಕೊಂಡ ಬಗೆ ಅದು. ನನ್ನನ್ನು ಕೇಳಿದರೆ ಪಡಿಯಚ್ಚಿಗಿಂತ ಹೆಚ್ಚು ಜೀವಂತ. ಯೂಟ್ರೆಕ್ಟಿಗೆ ಫ್ಯಾಕ್ಸಿಮಿಲಿ ಆದದ್ದು 1870ರ ದಶಕದಲ್ಲಿ, ಫೋಟೊ ತಂತ್ರದಿಂದ. ಆ ಹಸ್ತಪ್ರತಿಯಲ್ಲಿರುವ ಅಥನೇಷಿಯನ್ ವಿಶ್ವಾಸಪ್ರಮಾಣ ಎಂಬ ಕ್ರೈಸ್ತ ನಂಬಿಕೆಯ ಘೋಷಣೆ ಎಷ್ಟು ಹಳೆಯದೆಂದು ಇಂಗ್ಲೆಂಡಿನ ಚರ್ಚಿನಲ್ಲಿ ಜಗಳ ಎದ್ದಿತ್ತು. ಅಕ್ಷರದ ಮೊಗ ನೋಡಿಯೇ ಕಾಲ ಹೇಳಬೇಕಿತ್ತು, ಕೈಬರಹದ ನಕಲು ಅಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ.

ವೆನಿಸ್ಸಿನ ಗ್ರಿಮಾನಿ ಬ್ರೆವಿಯರಿ ಎಂಬ ನಿತ್ಯಪ್ರಾರ್ಥನೆಯ ಹಸ್ತಪ್ರತಿಗೆ 20ನೇ ಶತಮಾನದ ಆರಂಭದಲ್ಲಿ 12 ಸಂಪುಟಗಳ ಫ್ಯಾಕ್ಸಿಮಿಲಿ ಬಂತು. ಮೂಲ ಇರುವುದು ಒಂದೇ ಸಂಪುಟ. ಪುಟಕ್ಕೆ ನಿಷ್ಠೆ ಸರಿ, ಪುಸ್ತಕಕ್ಕೆ ಎಷ್ಟು ನಿಷ್ಠೆ?

ಸ್ಪೇನಿನ ಇಸಬೆಲ್ಲಾ ರಾಣಿಯ ಬ್ರೆವಿಯರಿಯನ್ನು ಹೊರತಂದ ಬಾರ್ಸಿಲೋನಾದ ಮೊಲೆರೊ ಪ್ರಕಾಶನ 987 ಪ್ರತಿ ಮಾತ್ರ ಮಾಡುತ್ತದೆ, ಒಂದೊಂದಕ್ಕೂ ಸಂಖ್ಯೆ ಹಾಕಿ. ಅವರಿಗೆ ಫ್ಯಾಕ್ಸಿಮಿಲಿ ಎಂಬ ಮಾತು ಸಾಲದು. ‘ಹೆಚ್ಚುಕಡಿಮೆ ಮೂಲವೇ’ ಎನ್ನುತ್ತಾರೆ. ಅತ್ತ ಅವರಿಗೆ ಈ ಪದ ಕಿರಿದಾಯಿತು, ಇತ್ತ ನಮ್ಮವರು ಅದನ್ನು ಜೆರಾಕ್ಸಿಗೂ ಅಂಟಿಸುತ್ತಿದ್ದಾರೆ.